ಕರಡಿಮಾಮನ ಇಂಗ್ಲಿಷ್ ರಿಪೋರ್ಟು

ಕರಡಿಮಾಮನಿಗೆ ಇಂಗ್ಲಿಷ್ ಬರುವುದೇ ಇಲ್ಲ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದದ್ದು ಪೂರ್ತಿ ನಿಜವಲ್ಲ. ಬರುತ್ತಿತ್ತು, ಆದರೆ ಒಂದು ಕರಡಿಗೆ ಸಾಕಾಗುವಷ್ಟು ಮಾತ್ರ.

ಅವನು ಮೃಗಾಲಯದಲ್ಲಿ ಕರಡಿ ನೋಡಿಕೊಳ್ಳುವವನು. ಅಲ್ಲಿ ಒಂದು ಪದ್ಧತಿ. ಬೆಳಗ್ಗೆ ಜನರನ್ನು ಒಳಗೆ ಬಿಡುವ ಮುಂಚೆ ಪ್ರತಿಯೊಬ್ಬ ಪಾಲಕನೂ ತನ್ನ ಪ್ರಾಣಿಯ ಮುಂದೆ ನಿಂತು, ಮೂಗಿನಿಂದ ಬಾಲದವರೆಗೆ ನೋಡಿ, ವಾಕಿಟಾಕಿಯಲ್ಲಿ ಪಶುವೈದ್ಯರಿಗೆ ರಿಪೋರ್ಟು ಒಪ್ಪಿಸಬೇಕು. ಪಶುವೈದ್ಯರು ಎಲ್ಲೆಲ್ಲಿಂದಲೋ ಬರುತ್ತಾರೆ, ಹೋಗುತ್ತಾರೆ. ಹಾಗಾಗಿ ರಿಪೋರ್ಟು ಇಂಗ್ಲಿಷಿನಲ್ಲೇ ಆಗಬೇಕು. ಕರಡಿಮಾಮ ಕಬ್ಬಿಣದ ಬಾಗಿಲಿಗೆ ಒರಗಿ ನಿಂತು ಗಂಭೀರವಾಗಿ ಶುರುಮಾಡುತ್ತಿದ್ದ: "ಬೇರ್. ಫೀಮೇಲ್. ಓಲ್ಡ್. ಅಪಟೈಟ್ ಗುಡ್. ವಾಕಿಂಗ್ ಗುಡ್. ಲೆಫ್ಟ್ ಐ ವಾಟರಿಂಗ್. ಮೂಡ್ ಲಿಟಲ್ ಆಂಗ್ರಿ. ಓವರ್." ಅಷ್ಟು ಇಂಗ್ಲಿಷನ್ನು ಅವನು ನೀರು ಕುಡಿದಷ್ಟು ಸಲೀಸಾಗಿ ಆಡುತ್ತಿದ್ದ. ಅದಕ್ಕಿಂತ ಹೆಚ್ಚಿನದು ಬೇಕಾದ ಸಂದರ್ಭವೇ ಅವನ ಬದುಕಿನಲ್ಲಿ ಬಂದಿರಲಿಲ್ಲ.

ಆ ಕರಡಿಯನ್ನು ಎಲ್ಲರೂ ಅಜ್ಜಿ ಎಂದೇ ಕರೆಯುತ್ತಿದ್ದರು. ಮುದುಕಿ, ಒಂದು ಕಣ್ಣು ಮಂಜು, ಸಿಡುಕು ಸ್ವಭಾವ. ಮೊಟ್ಟೆಯ ಸಿಪ್ಪೆ ಚೂರು ನಾಲಿಗೆಗೆ ತಗುಲಿದರೂ ಬಟ್ಟಲನ್ನೇ ಕವುಚಿ ಹಾಕುವಳು. ಕರಡಿಮಾಮ ಅವಳಿಗೆ ಹಣ್ಣು ಹೆಚ್ಚುವಾಗ ಬೀಜ ಆರಿಸಿ ತೆಗೆಯುತ್ತಿದ್ದ, ಅವಳ ಉಗುರಿನ ಸಂದಿಯಲ್ಲಿ ಮುಳ್ಳು ಸೇರಿದ್ದರೆ ನಡಿಗೆಯಲ್ಲೇ ಪತ್ತೆ ಹಚ್ಚುತ್ತಿದ್ದ. ಅವನು ಮದುವೆಯಾಗಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, "ಮನೇಲೊಂದು, ಕೆಲಸದಲ್ಲೊಂದು, ಎರಡು ಸಿಡುಕು ಸಾಕು, ಮೂರನೇದು ತಡೆಯಲ್ಲ" ಎನ್ನುವನು. ಮನೆಯದು ಎಂದರೆ ಅವನ ಅಕ್ಕ.

ಭಾವ ತೀರಿಕೊಂಡ ಮೇಲೆ ಅವನು ತನ್ನ ಬಟ್ಟೆಯ ಪೆಟ್ಟಿಗೆ ಹೊತ್ತು ಅಕ್ಕನ ಮನೆಗೆ ಬಂದಿದ್ದ. ಹೆಣ್ಣುಮಗಳು, ಜೊತೆಗೆ ಪುಟ್ಟ ಮಗು, ಒಂದು ಗಂಡು ದಿಕ್ಕು ಬೇಡವೇ ಎಂದು ನೆಂಟರೆಲ್ಲ ಸೇರಿ ಕಳಿಸಿದ್ದರು. ತಮ್ಮ ಬಂದು ಅಕ್ಕನನ್ನು ನೋಡಿಕೊಳ್ಳುತ್ತಿದ್ದಾನೆ ಎಂದು ಬೀದಿಯವರೆಲ್ಲ ಹೊಗಳಿದರು. ಹೊಗಳಿಸಿಕೊಂಡವನೂ ಅದನ್ನೇ ನಂಬಿ ಇಷ್ಟು ವರ್ಷ ಹಾಯಾಗಿದ್ದ. ಅಕ್ಕ ಮಾತ್ರ ಏನೂ ಹೇಳಿರಲಿಲ್ಲ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಊರವರ ಪರದೆ, ಪ್ಯಾಂಟು, ದಿಂಬಿನ ಚೀಲ ಹೊಲಿಯುತ್ತಾ, ಇವನ ಅಂಗಿಯ ಗುಂಡಿಯನ್ನೂ ಹಾಕುತ್ತಾ ಇದ್ದಳು.

ಆಗ ಬಂತು ಸಕ್ಕರೆ ಕಾಯಿಲೆ. ಬಂದದ್ದು ತಪ್ಪಲ್ಲ, ಯಾರಿಗಾದರೂ ಬರುತ್ತದೆ. ಆದರೆ ಈ ಮಹಾಶಯ ಮಾಡಿದ್ದೇನೆಂದರೆ, ಬೆಳಗ್ಗೆ ಮಾತ್ರೆ ನುಂಗುವುದು, ಅಜ್ಜಿಗೆ ಹಸಿವಾಗಿರುತ್ತದೆಂದು ಹೊಟ್ಟೆಗೇನೂ ಹಾಕಿಕೊಳ್ಳದೆ ಓಡುವುದು. ಅಕ್ಕ ಕಟ್ಟಿಕೊಟ್ಟ ಡಬ್ಬಿ ಮಧ್ಯಾಹ್ನದವರೆಗೂ ಗೂಟದಲ್ಲಿ ನೇತಾಡುತ್ತಿತ್ತು. ಹೀಗೇ ಒಂದು ಬೆಳಗ್ಗೆ ಕರಡಿಯ ಅಡುಗೆಮನೆಯಲ್ಲಿ ಹಣ್ಣು ಹೆಚ್ಚುತ್ತಿದ್ದವನು ಕಣ್ಣು ಕತ್ತಲಿಟ್ಟು ದೊಪ್ಪೆಂದು ಬಿದ್ದ. ಬಾಗಿಲಾಚೆ ಅಜ್ಜಿ ತನ್ನ ಊಟ ಬರಲಿಲ್ಲವೆಂದು ಕಬ್ಬಿಣದ ಬಾಗಿಲನ್ನು ಗುದ್ದಿ ಗುದ್ದಿ ಮೃಗಾಲಯವನ್ನೇ ತಲೆ ಮೇಲೆ ಹೊತ್ತುಕೊಂಡಳು. ಪಕ್ಕದ ಜಿರಾಫೆಯವನು ಏನೋ ಎಂದು ಓಡಿ ಬಂದ, ನೆಲದ ಮೇಲೆ ಬಿದ್ದವನ ಬಾಯಿಗೆ ಅಜ್ಜಿಯ ಪಾಲಿನ ಜೇನು ಸವರಿದ, ಆಸ್ಪತ್ರೆಗೆ ಹೊತ್ತೊಯ್ದ. "ಅಜ್ಜಿ ನನ್ನ ಪ್ರಾಣ ಉಳಿಸಿದ್ಳು" ಎಂದು ಕರಡಿಮಾಮ ಕಂಡಕಂಡವರಿಗೆಲ್ಲ ಹೇಳಿಕೊಂಡು ಕಣ್ಣೊರೆಸಿಕೊಂಡ. ಅವಳಿಗೆ ಬೇಕಿದ್ದದ್ದು ಜೇನು ಎಂದು ಜಿರಾಫೆಯವನಿಗೆ ಗೊತ್ತಿತ್ತು. ಪಾಪ, ಬಾಯಿ ಬಿಡಲಿಲ್ಲ.

ಮೈ ಸುಧಾರಿಸಿತು, ಆದರೆ ಕೆಲಸಕ್ಕೆ ವಾಪಸು ಸೇರಿಸಿಕೊಳ್ಳಲಿಲ್ಲ. ಕರಡಿಯ ಮನೆಯಲ್ಲಿ ಒಬ್ಬನೇ ಇರುವವನು ತಲೆತಿರುಗಿ ಬಿದ್ದರೆ, ಆ ಹೊತ್ತಿಗೆ ಒಳಬಾಗಿಲು ತೆರೆದಿದ್ದರೆ ಗತಿಯೇನು? ಕೆಲಸಗಾರರನ್ನು ಪರೀಕ್ಷಿಸುವ ಡಾಕ್ಟರಮ್ಮ ಒಪ್ಪಿ ಸಹಿ ಹಾಕಿದರೆ ಮಾತ್ರ ಅಜ್ಜಿ, ಇಲ್ಲದಿದ್ದರೆ ಗೇಟಿನಲ್ಲಿ ಕೂತು ಟಿಕೆಟು ಹರಿಯುವ ಕೆಲಸ. ಕರಡಿಮಾಮನಿಗೆ ಟಿಕೆಟಿನ ಕಿಂಡಿಯನ್ನು ನೆನೆದರೇ ಎದೆ ಧಸಕ್ಕೆನ್ನುತ್ತಿತ್ತು. ಅಲ್ಲಿಂದ ಕರಡಿಯ ಮನೆ ಕಾಣುವುದಿಲ್ಲ, ಕೂಗು ಮಾತ್ರ ಕೇಳಿಸುತ್ತದೆ.

ಡಾಕ್ಟರಮ್ಮ ಹೊಸಬರು, ದೂರದವರು, ಇಂಗ್ಲಿಷ್ ಬಿಟ್ಟರೆ ನಮ್ಮ ಮಾತು ಒಂದಕ್ಷರ ತಿಳಿಯದವರು. ಮೊದಲ ಸಲ ಹೋದಾಗ ಅವರು ರಕ್ತ ನೋಡಿದರು, ಪಾದ ನೋಡಿದರು, ಕೊನೆಗೆ ನಗುನಗುತ್ತಾ ಒಂದು ಪ್ರಶ್ನೆ ಕೇಳಿದರು. ನೀವು ನಿಮ್ಮನ್ನು ಹೇಗೆ ನೋಡಿಕೊಳ್ಳುತ್ತಿದ್ದೀರಿ? ಕರಡಿಮಾಮನಿಗೆ ಪ್ರಶ್ನೆ ಅರ್ಥವಾಯಿತು. ಉತ್ತರಕ್ಕೆ ಬಾಯಿ ತೆರೆದರೆ ನಾಲಿಗೆಗೆ ಬೀಗ. "ಫೈನ್ ಮೇಡಂ. ಥ್ಯಾಂಕ್ಯೂ ಮೇಡಂ" ಎಂದು ಕೈಮುಗಿದ. ಅವರು ಮತ್ತೆ ಕೇಳಿದರು. ಇವನು ಮತ್ತೆ ಕೈಮುಗಿದ. "ಮುಂದಿನ ವಾರ ಬನ್ನಿ. ಯೋಚಿಸಿಕೊಂಡು ಬಂದು ನೀವೇ ಹೇಳಿ. ಬೇರೆಯವರು ಹೇಳಿದ್ದು ನನಗೆ ಬೇಡ" ಎಂದು ಅವರು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿ ಕಳಿಸಿದರು.

ಅಲ್ಲಿಗೆ ಮನೆ ಇಂಗ್ಲಿಷ್ ಶಾಲೆಯಾಯಿತು.

ಅಕ್ಕನ ಮಗಳನ್ನು ಹುಟ್ಟಿದಾಗಿನಿಂದ ಚಿನಕುರಳಿ ಎಂದೇ ಕರೆಯುವುದು. ಈಗ ಬೆಳೆದು ನಿಂತು ಕೆಲಸಕ್ಕೆ ಹೋಗುವವಳು, ಅದೂ ಎಂಥ ಕೆಲಸ! ಫೋನಿನಲ್ಲಿ ಪರದೇಶದವರ ಜೊತೆ ಮಾತಾಡುವ ಹುಡುಗ ಹುಡುಗಿಯರಿಗೆ ಸಹಜವಾದ ಇಂಗ್ಲಿಷ್ ಕಲಿಸುವುದು. ಪುಸ್ತಕದ ಇಂಗ್ಲಿಷ್ ಅಲ್ಲ, ಅವರು ತಮ್ಮತಮ್ಮೊಳಗೆ ಆಡುವಂಥದ್ದು. "ಮಾಮ, ನೀನು ಚಿಂತೆ ಬಿಡು. ನನ್ನ ಹತ್ರ ಬಂದ ಎಂತೆಂಥ ಮೂಗರೂ ಪಟಪಟ ಮಾತಾಡ್ಕೊಂಡು ಹೋಗಿದಾರೆ" ಎಂದು ಅವಳು ಸಂಜೆ ಅವನನ್ನು ಊಟದ ಮೇಜಿನ ಮುಂದೆ ಕೂರಿಸಿಕೊಂಡಳು. ಅಕ್ಕ ಕಿಟಕಿಯ ಹತ್ತಿರ ಯಾರದೋ ಪರದೆಗೆ ಅಂಚು ಹೊಲಿಯುತ್ತಿದ್ದಳು. ಅವಳ ಕಣ್ಣು ಸೂಜಿಯ ಮೇಲೆ, ಕಿವಿ ಇಲ್ಲಿ.

"ಮೊದಲು ನೀನೇ ಹೇಳು. ನೋಡೋಣ" ಎಂದಳು ಚಿನಕುರಳಿ.

ಕರಡಿಮಾಮ ಗಂಟಲು ಸರಿಮಾಡಿಕೊಂಡ. "ಐ ಮೇಂಟೇನ್ ಮೈ ಬಾಡಿ."

"ಅಯ್ಯೋ ಮಾಮ, ಲಾರಿ ಇಟ್ಕೊಂಡಿರೋರ ಥರ ಇದೆ. ಬೇರೆ ಹೇಳು."

"ಐ ಡೂ ಮೈ ಕೇರ್."

"ಅರ್ಥ ಆಗುತ್ತೆ, ಆದ್ರೆ ಯಾರೂ ಹಾಗನ್ನಲ್ಲ. ಐ ಟೇಕ್ ಗುಡ್ ಕೇರ್ ಆಫ್ ಮೈಸೆಲ್ಫ್. ಹೇಳು."

ಅವನು ಹೇಳಿದ. ಪರವಾಗಿಲ್ಲ, ಚೆನ್ನಾಗಿಯೇ ಹೇಳಿದ. ಹೊಲಿಗೆ ಯಂತ್ರ ಟಕ್ಕನೆ ನಿಂತಿತು.

"ಏನಂತೆ ಅದು?" ಎಂದಳು ಅಕ್ಕ.

"ನನ್ನನ್ನ ನಾನೇ ಚೆನ್ನಾಗಿ ನೋಡ್ಕೊಳ್ತೀನಿ ಅಂತ ಅಮ್ಮ."

ಅಕ್ಕ ನಕ್ಕಳು. ಎಂಥ ನಗು ಅಂತೀರಿ, ಬಾಯಲ್ಲಿ ಕಚ್ಚಿಕೊಂಡಿದ್ದ ದಾರದ ತುಂಡು ಉದುರಿಹೋಯಿತು. ಆಮೇಲೆ ಏನೂ ಹೇಳದೆ ಯಂತ್ರ ತುಳಿಯತೊಡಗಿದಳು. ಹೇಳಿದ್ದರೆ ಇವನಿಗೆ ಅಷ್ಟು ಮುಜುಗರ ಆಗುತ್ತಿರಲಿಲ್ಲವೇನೋ.

ಚಿನಕುರಳಿ ಸೋಲುವವಳಲ್ಲ. ಒಂದಾದ ಮೇಲೊಂದು ವಾಕ್ಯ ಅವನ ಮುಂದೆ ಹರಡಿದಳು, ಅಂಗಡಿಯವನು ಬಟ್ಟೆಯ ಥಾನು ಬಿಚ್ಚಿ ಹರಡುವ ಹಾಗೆ. "ಐ ವಾಚ್ ವಾಟ್ ಐ ಈಟ್. ಅಂದ್ರೆ, ತಿನ್ನೋದರ ಮೇಲೆ ನಿಗಾ ಇಟ್ಟಿದೀನಿ ಅಂತ. ಡಾಕ್ಟರುಗಳಿಗೆ ಇದು ತುಂಬ ಇಷ್ಟ."

"ಮೊನ್ನೆ ಬಿಸ್ಕತ್ತಿನ ಡಬ್ಬಿ ತಳ ಕಂಡಿತ್ತಲ್ಲ, ಆವಾಗ ಯಾರು ನಿಗಾ ಇಟ್ಟಿದ್ರು?" ಎಂದಿತು ಕಿಟಕಿಯ ಕಡೆಯ ದನಿ.

"ಐ ಲಿಸನ್ ಟು ಮೈ ಬಾಡಿ. ನನ್ನ ಮೈ ಹೇಳೋದನ್ನ ಕೇಳಿಸ್ಕೊಳ್ತೀನಿ ಅಂತ."

"ನನ್ನ ಮೈ ಇನ್ನೇನು ಹೇಳುತ್ತೆ, ಬಿಸ್ಕತ್ತು ಕೊಡು ಅನ್ನುತ್ತೆ" ಎಂದ ಕರಡಿಮಾಮ ತಾನೇ ನಾಚಿಕೊಂಡು.

"ಐ ಮೇಕ್ ಟೈಮ್ ಫಾರ್ ಮೈಸೆಲ್ಫ್."

"ಅಂದ್ರೆ?"

"ನನಗೋಸ್ಕರ ಅಂತ ಸ್ವಲ್ಪ ಸಮಯ ತೆಗೆದಿಡ್ತೀನಿ ಅಂತ."

ಕರಡಿಮಾಮ ಬಹಳ ಹೊತ್ತು ಯೋಚಿಸಿದ. "ತೆಗೆದಿಟ್ಟು ಏನು ಮಾಡೋದು?"

ಚಿನಕುರಳಿ ಹಣೆ ಚಚ್ಚಿಕೊಂಡಳು. "ಐ ಪ್ಯಾಂಪರ್ ಮೈಸೆಲ್ಫ್ ಅಂತಾನೂ ಇದೆ, ನನ್ನನ್ನ ನಾನೇ ಮುದ್ದು ಮಾಡ್ಕೊಳ್ತೀನಿ ಅಂತ. ಬೇಡ ಬಿಡು, ಅದು ನಿನ್ನ ಮೀಸೆಗೆ ಹೊಂದಲ್ಲ."

ಹೀಗೆ ವಾರವಿಡೀ ನಡೆಯಿತು. ಯಾವುದು ಸಹಜ, ಯಾವುದು ಅತಿ, ಯಾವುದು ಹುಡುಗಿಯರು ಹೇಳುವಂಥದ್ದು, ಯಾವುದು ಜಾಹೀರಾತಿನದು ಎಂದು ಆರಿಸಿ, ಕೇರಿ, ಕೊನೆಗೆ ಮೂರು ವಾಕ್ಯ ಉಳಿಸಿಕೊಂಡರು. ಚೆನ್ನಾಗಿ ನೋಡಿಕೊಳ್ಳುತ್ತೇನೆ, ತಿನ್ನುವುದರ ಮೇಲೆ ನಿಗಾ ಇಟ್ಟಿದ್ದೇನೆ, ಆತುರ ಬಿಟ್ಟು ನಿಧಾನವಾಗಿದ್ದೇನೆ ಎಂಬ ಮೂರು. ಕರಡಿಮಾಮ ಅವನ್ನು ಗಡ್ಡ ಹೆರೆಯುವಾಗ ಹೇಳಿದ, ಸ್ನಾನ ಮಾಡುವಾಗ ಹೇಳಿದ, ಬೀದಿಯ ನಾಯಿಗೂ ಹೇಳಿದ. ನಾಯಿ ನಂಬಿತು. ಕನ್ನಡಿ ನಂಬಲಿಲ್ಲ. ಬಾಯಲ್ಲಿ ಪದ ಸರಿಯಾಗಿ ಹೊರಳಿದಷ್ಟೂ ಒಳಗೊಳಗೇ ಏನೋ ಕಸಿವಿಸಿ. ಅಜ್ಜಿಯ ಬಗ್ಗೆ ಒಂದು ದಿನವಾದರೂ ಸುಳ್ಳು ರಿಪೋರ್ಟು ಕೊಟ್ಟವನಲ್ಲ ಅವನು. ಈಗ ತನ್ನ ಬಗ್ಗೆ ಕೊಡಬೇಕಾಗಿತ್ತು, ಅದೂ ಅಜ್ಜಿಗೋಸ್ಕರ.

ಹೊರಡುವ ದಿನ ಅಕ್ಕ ಅವನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು, ಮಾತ್ರೆಗೆ ಮುಂಚೆ ಬ್ರೆಡ್ಡು ಮೊಟ್ಟೆ ತಿನ್ನಿಸಿದಳು, ಕಾಲುಚೀಲ ಹಾಕುವ ಮುಂಚೆ ಎರಡೂ ಪಾದ ಎತ್ತಿ ಹಿಡಿದು ಬೆಳಕಿನಲ್ಲಿ ನೋಡಿದಳು. ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಗಾಯವಾದರೆ ಗೊತ್ತಾಗುವುದಿಲ್ಲ ಎಂದು ಆಸ್ಪತ್ರೆಯ ನರ್ಸು ಹೇಳಿದ್ದಳು. ಅಂದಿನಿಂದ ದಿನವೂ ಇದು ನಡೆಯುತ್ತಿತ್ತು. "ಹೋಗಿ ಬಾ. ಬಾಯಿಬಿಟ್ಟು ಮಾತಾಡು, ಬೆಪ್ಪುತಕ್ಕಡಿ ಥರ ನಿಂತ್ಕೋಬೇಡ" ಎಂದು ಬೆನ್ನಿಗೊಂದು ಗುದ್ದಿದಳು. ಅವಳ ಗುದ್ದಿಗೂ ಅಜ್ಜಿಯ ಗುದ್ದಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಚಿನಕುರಳಿ ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂತಳು. ಒಳಗಿನ ಕೋಣೆಯಲ್ಲಿ ಬಿಳಿ ಪರದೆ, ತೂಕದ ಯಂತ್ರ, ಗೋಡೆಯ ಮೇಲೆ ಚರ್ಮ ಸುಲಿದ ಮನುಷ್ಯನ ಚಿತ್ರ. ಡಾಕ್ಟರಮ್ಮ ಕುರ್ಚಿ ತೋರಿಸಿದರು. ಅವರ ಮಾತನ್ನೆಲ್ಲ ನಾನು ನಮ್ಮ ಮಾತಿನಲ್ಲೇ ಹೇಳುತ್ತೇನೆ, ಕರಡಿಮಾಮನಿಗೆ ತಲುಪಿದ್ದೂ ಹೆಚ್ಚುಕಮ್ಮಿ ಹಾಗೆಯೇ.

"ಹೇಳಿ. ನಿಮ್ಮನ್ನ ನೀವು ಹೇಗೆ ನೋಡ್ಕೊಳ್ತಿದೀರಿ?"

ಕರಡಿಮಾಮ ಉಸಿರೆಳೆದುಕೊಂಡ, ಮೂರು ವಾಕ್ಯವನ್ನೂ ಒಂದೇ ಉಸಿರಿನಲ್ಲಿ ಬಿಟ್ಟ. ಒಂದಕ್ಷರ ತಪ್ಪಲಿಲ್ಲ. ಹೊರಗೆ ಬಾಗಿಲಿಗೆ ಕಿವಿ ಹಚ್ಚಿದ್ದ ಚಿನಕುರಳಿ ಮುಷ್ಟಿ ಬಿಗಿದು ಕುಣಿದಳಂತೆ.

"ತುಂಬ ಚೆನ್ನಾಗಿದೆ" ಎಂದರು ಡಾಕ್ಟರಮ್ಮ. "ಇದನ್ನ ಯಾರು ಹೇಳಿಕೊಟ್ಟರು?"

ಕರಡಿಮಾಮ ಬಾಗಿಲ ಕಡೆ ನೋಡಿದ.

"ಇರಲಿ. ನಿನ್ನೆ ಏನಾಯ್ತು ಅಂತ ಹೇಳಿ. ನಿನ್ನೆ ಒಂದೇ ದಿನದ್ದು."

ನಿನ್ನೆಯ ಬಗ್ಗೆ ಮನೆಯಲ್ಲಿ ಪಾಠ ಆಗಿರಲಿಲ್ಲ. ಡಾಕ್ಟರಮ್ಮ ಕಾದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಆದರೆ ಪೆನ್ನಿನ ಮುಚ್ಚಳ ಹಾಕಿಬಿಟ್ಟಿದ್ದರು. ಆ ಮುಚ್ಚಳ ನೋಡಿ ಇವನಿಗೆ ಟಿಕೆಟಿನ ಕಿಂಡಿ ಕಣ್ಮುಂದೆ ಬಂತು. ಗಾಬರಿಯಲ್ಲಿ ಎದ್ದು ನಿಂತ, ಬೆನ್ನು ನೆಟ್ಟಗೆ ಮಾಡಿದ. ಬಲಗೈ ತಾನಾಗಿ ಬಾಯಿಯ ಹತ್ತಿರ ಹೋಗಿ, ಇಲ್ಲದ ವಾಕಿಟಾಕಿಯನ್ನು ಹಿಡಿಯಿತು. ದಿನಾ ಬೆಳಗ್ಗೆ ಹೊರಡುತ್ತಿದ್ದ ಅದೇ ಗಂಭೀರ ದನಿ ಹೊರಟಿತು.

"ಕೀಪರ್. ಮೇಲ್. ಓಲ್ಡ್."

ಡಾಕ್ಟರಮ್ಮ ತಲೆಯೆತ್ತಿದರು.

"ಮಾರ್ನಿಂಗ್, ಅಪಟೈಟ್ ಗುಡ್. ಬ್ರೆಡ್, ಎಗ್, ಗಿವನ್ ಬೈ ಸಿಸ್ಟರ್. ಆಫ್ಟರ್ ಫುಡ್, ಟ್ಯಾಬ್ಲೆಟ್, ಗಿವನ್ ಬೈ ಸಿಸ್ಟರ್. ಫೀಟ್ ಚೆಕಿಂಗ್, ಬೋತ್, ಬೈ ಸಿಸ್ಟರ್. ನೋ ವೂಂಡ್. ವಾಕಿಂಗ್ ಗುಡ್, ಪಾರ್ಕ್ ಸೈಡ್, ವಿತ್ ಸಿಸ್ಟರ್ ಡಾಟರ್. ಆಫ್ಟರ್ನೂನ್ ಬಿಸ್ಕಟ್ ಥೆಫ್ಟ್, ಒನ್. ಕಾಟ್ ಬೈ ಸಿಸ್ಟರ್. ಮೂಡ್ ಲಿಟಲ್ ಆಂಗ್ರಿ. ಈವ್ನಿಂಗ್ ಮೂಡ್ ಗುಡ್. ಸ್ಲೀಪಿಂಗ್ ಗುಡ್. ಓವರ್."

ಡಾಕ್ಟರಮ್ಮ ನಕ್ಕರು. ಅಣಕದ ನಗುವಲ್ಲ, ಕಣ್ಣಿನಲ್ಲಿ ನೀರು ಬರುವಂಥ ತುಂಬು ನಗು. ಹೊರಗೆ ಚಿನಕುರಳಿ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಒಂದು ವಾರದ ಬೆವರು ಮಣ್ಣುಪಾಲಾಯಿತು ಎಂದು ಅವಳ ಲೆಕ್ಕ.

"ಕೂತ್ಕೊಳ್ಳಿ" ಎಂದರು ಡಾಕ್ಟರಮ್ಮ. "ಇಷ್ಟು ಸ್ಪಷ್ಟವಾಗಿ ಈ ಕೋಣೇಲಿ ಯಾರೂ ಹೇಳಿಲ್ಲ. ಎಲ್ಲರೂ ನಾನು ಚೆನ್ನಾಗಿದೀನಿ ಅಂತಾರೆ, ಅದರಿಂದ ನನಗೇನೂ ತಿಳಿಯಲ್ಲ. ಆದ್ರೆ ಒಂದು ಮಾತು. ನೀವು ಹೇಳಿದ್ದೆಲ್ಲ ನಿಮ್ಮಕ್ಕ ಮಾಡಿದ್ದು. ಕರಡಿ ಮನೇಲಿ ಅಕ್ಕ ಇರಲ್ಲ. ಅಲ್ಲಿ ಏನು ಮಾಡ್ತೀರಿ?"

ಸರಿಯಾದ ಜಾಗಕ್ಕೆ ಕೈ ಹಾಕಿದ್ದರು. ಕರಡಿಮಾಮ ಯೋಚಿಸಿದ. ಚಿನಕುರಳಿ ಕಲಿಸಿದ ಯಾವ ವಾಕ್ಯವೂ ಈಗ ನೆನಪಿಗೆ ಬರಲಿಲ್ಲ, ಅದೇ ಒಳ್ಳೆಯದಾಯಿತು. ಕರಡಿಯ ಮನೆಯ ಬೆಳಗನ್ನು ಕಣ್ಣಮುಂದೆ ತಂದುಕೊಂಡ. ಬಾಗಿಲು, ಗೂಟ, ಗೂಟದಲ್ಲಿ ಡಬ್ಬಿ, ಹಣ್ಣು ಹೆಚ್ಚುವ ಹಲಗೆ, ವಾಕಿಟಾಕಿ. ಆಮೇಲೆ ತುಂಡುತುಂಡು ಇಂಗ್ಲಿಷಿನಲ್ಲಿ, ಕೈಸನ್ನೆ ಸೇರಿಸಿ ಹೇಳಿದ. ಮೊದಲು ನನ್ನ ಊಟ, ಆಮೇಲೆ ಅಜ್ಜಿಯ ಊಟ. ಅವಳು ಬಾಗಿಲು ಗುದ್ದಲಿ, ಗುದ್ದಿದರೆ ಗುದ್ದಲಿ. ವಾಕಿಟಾಕಿಯಲ್ಲಿ ಇನ್ನುಮುಂದೆ ಎರಡು ರಿಪೋರ್ಟು. ಮೊದಲು ಪಾಲಕನದು, ಆಮೇಲೆ ಕರಡಿಯದು. ಪಾಲಕನ ರಿಪೋರ್ಟು ಬರದಿದ್ದರೆ ಜಿರಾಫೆಯವನು ಓಡಿ ಬರಬೇಕು.

"ಅದು ಅವನಿಗೆ ಗೊತ್ತಾ?"

"ಟುಡೇ ಐ ಟೆಲ್ ಹಿಮ್. ಹೀ ಈಸ್ ಗುಡ್ ಮ್ಯಾನ್ ಮೇಡಂ. ವೆರಿ ಗುಡ್ ಮ್ಯಾನ್. ಹೀ ಕ್ಯಾರಿ ಮಿ." ಹೊತ್ತೊಯ್ದವನಿಗೆ ಅವನು ಇದುವರೆಗೆ ಹೀಗೆ ಹೇಳಿರಲಿಲ್ಲ. ಹೇಳಿದ್ದೆಲ್ಲ ಕರಡಿಯ ಬಗ್ಗೆಯೇ.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದರು. ಸಹಿ ಹಾಕುವ ಮುಂಚೆ, ಸುಮ್ಮನೆ ಮಾತಿಗೆ ಕೇಳುವ ಹಾಗೆ ಕೇಳಿದರು. "ಮತ್ತೆ ನಿಮ್ಮ ಅಕ್ಕ? ಅವರ ರಿಪೋರ್ಟ್ ಕೊಡಿ."

ಕರಡಿಮಾಮ ಖುಷಿಯಿಂದ ಎದ್ದು ನಿಂತ. ಕೈ ಬಾಯಿಯ ಹತ್ತಿರ ಹೋಯಿತು. "ಸಿಸ್ಟರ್. ಫೀಮೇಲ್."

ಅಲ್ಲಿಗೆ ನಿಂತ.

ಅಪಟೈಟ್? ಗೊತ್ತಿಲ್ಲ. ಅಕ್ಕ ಬೆಳಗ್ಗೆ ಏನು ತಿನ್ನುತ್ತಾಳೆ? ಅವಳು ಬಡಿಸುವುದನ್ನು ನೋಡಿದ್ದ, ತಿನ್ನುವುದನ್ನು ನೋಡಿದ ನೆನಪೇ ಇಲ್ಲ. ನಿದ್ದೆ? ಇವನು ಮಲಗುವಾಗ ಅವಳು ಎದ್ದಿರುತ್ತಾಳೆ, ಇವನು ಏಳುವಾಗಲೂ ಎದ್ದಿರುತ್ತಾಳೆ. ನಡಿಗೆ? ಅಜ್ಜಿಯ ಉಗುರಿನ ಮುಳ್ಳನ್ನು ನಡಿಗೆಯಲ್ಲಿ ಹಿಡಿಯುವವನಿಗೆ ಅಕ್ಕ ಹೇಗೆ ನಡೆಯುತ್ತಾಳೆ ಎಂಬುದು ಕಣ್ಣಿಗೆ ಬರಲಿಲ್ಲ. ಕಣ್ಣು? ಮೂಡ್? ಬರೀ ಸಿಡುಕು ಎಂದು ಇಷ್ಟು ದಿನ ತಮಾಷೆ ಮಾಡಿಕೊಂಡಿದ್ದ. ಸಿಡುಕುವ ಪ್ರಾಣಿಗೆ ಎಲ್ಲೋ ನೋವಿರುತ್ತದೆ ಎಂದು ಹೊಸ ಪಾಲಕರಿಗೆಲ್ಲ ಪಾಠ ಹೇಳುವವನೂ ಅವನೇ.

ಕೈ ಕೆಳಗಿಳಿಯಿತು. "ನೋ ರಿಪೋರ್ಟ್, ಮೇಡಂ" ಎಂದ. ಮೃಗಾಲಯದಲ್ಲಿ ಯಾವ ಪಾಲಕನೂ ಹಾಗೆ ಹೇಳುವಂತಿಲ್ಲ. ಹೇಳಿದರೆ ಅಂದೇ ಆ ಪ್ರಾಣಿಯನ್ನು ಅವನ ಕೈಯಿಂದ ತಪ್ಪಿಸುತ್ತಾರೆ.

ಡಾಕ್ಟರಮ್ಮ ಅವನನ್ನು ಗದರಲಿಲ್ಲ. ಸಹಿ ಹಾಕಿ ಕಾಗದ ಕೈಗಿಟ್ಟರು. "ಮುಂದಿನ ತಿಂಗಳು ಬರುವಾಗ ಎರಡು ರಿಪೋರ್ಟ್ ತನ್ನಿ. ನಿಮ್ಮದೊಂದು, ನಿಮ್ಮಕ್ಕನದೊಂದು. ಅವರಿಗೇನಾದ್ರೂ ಆದ್ರೆ ನಿಮ್ಮ ಮೊದಲನೇ ರಿಪೋರ್ಟ್ ಎಲ್ಲಿಂದ ಬರುತ್ತೆ?"

ಹೊರಗೆ ಬಂದರೆ ಚಿನಕುರಳಿ ಅವನ ಕೈಯ ಕಾಗದ ನೋಡಿ ಕುಣಿದಾಡಿದಳು. "ಪಾಸಾ ಮಾಮ? ಆ ಕರಡಿ ಇಂಗ್ಲಿಷಿಗೆ ಪಾಸಾ? ಅಯ್ಯೋ, ನಾನು ಕೆಲಸ ಬಿಡಬೇಕು ಇನ್ನು!" ಕರಡಿಮಾಮನೂ ನಕ್ಕ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವನಿಗೂ ಎರಡೆರಡು ಸಲ ಥ್ಯಾಂಕ್ಸ್ ಹೇಳಿದ. ಮೃಗಾಲಯಕ್ಕೆ ಹೋಗಿ ಜಿರಾಫೆಯವನನ್ನು ಗಟ್ಟಿಯಾಗಿ ತಬ್ಬಿಕೊಂಡು, "ನೀನಿಲ್ಲದಿದ್ರೆ ನಾನಿರ್ತಿರಲಿಲ್ಲ ಮಾರಾಯ" ಎಂದ. ಅವನು ಗಾಬರಿಯಾಗಿ, "ಮತ್ತೆ ತಲೆ ತಿರುಗ್ತಾ ಇದೆಯಾ?" ಎಂದು ಜೇನಿನ ಬಾಟಲಿ ಹುಡುಕಿದ. ಅಜ್ಜಿ ಮಂಜುಗಣ್ಣಿನಿಂದ ನೋಡಿ, ಮೂಸಿ, ಗುರುತು ಹಿಡಿದು, ಇಷ್ಟು ದಿನ ಎಲ್ಲಿ ಸತ್ತಿದ್ದೆ ಎನ್ನುವ ಹಾಗೆ ಬೆನ್ನು ತಿರುಗಿಸಿ ಕೂತಳು. ಅದೂ ಅವನಿಗೆ ಸುಖವೆನಿಸಿತು.

ದಾರಿಯುದ್ದಕ್ಕೂ ಅವನು ಅಕ್ಕನಿಗೆ ಹೇಳಬೇಕಾದ್ದನ್ನು ಹೊಂದಿಸಿಕೊಳ್ಳುತ್ತಾ ಬಂದ. ಇಂಗ್ಲಿಷಿನಲ್ಲಿ ಮೂರು ವಾಕ್ಯ ಆರಿಸಲು ಒಂದು ವಾರ ಹಿಡಿದಿತ್ತು, ಸ್ವಂತ ಮಾತಿನಲ್ಲಿ ಒಂದು ವಾಕ್ಯವೂ ಸಿಗುತ್ತಿರಲಿಲ್ಲ. ಧನ್ಯವಾದ ಎಂದರೆ ವೇದಿಕೆ ಮೇಲೆ ಹಾರ ಹಾಕಿದವರಿಗೆ ಹೇಳಿದಂತಾಗುತ್ತದೆ. ಥ್ಯಾಂಕ್ಸ್ ಬಸ್ಸಿನವನಿಗಾಯಿತು. ನಿನ್ನ ಉಪಕಾರ ಮರೆಯಲ್ಲ ಎಂದರೆ ನೆರೆಮನೆಯವರ ಏಣಿ ವಾಪಸು ಕೊಟ್ಟಂತೆ. ಒಡಹುಟ್ಟಿದವಳಿಗೆ ಏನೆನ್ನುತ್ತಾರೆ? ಯಾರೂ ಏನೂ ಅನ್ನುವುದಿಲ್ಲ, ಅದೇ ತಾನೇ ತೊಂದರೆ.

ಮನೆಯಲ್ಲಿ ಅಕ್ಕ ಪರದೆಯ ಕೊನೆಯ ಅಂಚು ಮುಗಿಸುತ್ತಿದ್ದಳು. ಸುದ್ದಿ ಕೇಳಿ, "ದೊಡ್ಡ ಕೆಲಸ ಮಾಡ್ದೆ, ಕೈಕಾಲು ತೊಳ್ಕೊ" ಎಂದಳು. ಅವಳ ಮುಖ ಅರಳಿದ್ದನ್ನು ಚಿನಕುರಳಿ ಕಂಡಳು. ಅಕ್ಕ ಎದ್ದು ಒಳಗೆ ಹೋದಳು. ಕರಡಿಮಾಮ ಬಾಗಿಲಿಗೆ ಒರಗಿ ನಿಂತು ನೋಡಿದ. ಕೆಲಸದ ಕಣ್ಣಿನಿಂದ, ಮೊದಲ ಸಲ ನೋಡಿದ. ಬಲಗಾಲಿನ ಮೇಲೆ ಭಾರ ಬಿಡುತ್ತಿಲ್ಲ. ತಿರುಗುವಾಗ ಮೇಜು ಹಿಡಿಯುತ್ತಾಳೆ, ಹಿಡಿದದ್ದು ಕಾಣಬಾರದೆಂದು ಅಲ್ಲಿದ್ದ ಲೋಟ ಸರಿಸಿದಂತೆ ಮಾಡುತ್ತಾಳೆ. ಪ್ರಾಣಿಗಳೂ ಹಾಗೆಯೇ, ನೋವನ್ನು ಬಚ್ಚಿಡುತ್ತವೆ.

ಅವಳು ಅವನ ಮುಂದೆ ತಟ್ಟೆ ಇಟ್ಟಳು.

"ನಿಂದು?" ಎಂದ.

"ನಂದೇನು?"

"ನಿನ್ನ ತಟ್ಟೆ. ನೀನು ತಿಂದ್ಯಾ?"

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಏನಾಯ್ತು ನಿಂಗೆ? ಡಾಕ್ಟರಮ್ಮ ಯಾವುದಾದ್ರೂ ಸೂಜಿ ಚುಚ್ಚಿದ್ರಾ?"

"ನಿನ್ನ ಬಗ್ಗೆ ಕೇಳಿದ್ರು ಅಕ್ಕ. ನಂಗೇನೂ ಹೇಳಕ್ಕಾಗಲಿಲ್ಲ. ಏನೇನೂ ಗೊತ್ತಿರಲಿಲ್ಲ."

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ. ತಿನ್ನು, ಆರಿಹೋಗುತ್ತೆ."

"ಮೊಣಕಾಲಿಗೇನಾಗಿದೆ?"

ಚಿನಕುರಳಿ ಕೈಯಲ್ಲಿ ನೀರಿನ ಲೋಟ ಹಿಡಿದುಕೊಂಡು ಹಾಗೇ ನಿಂತಳು, ಅವಳಿಗೂ ಗೊತ್ತಿರಲಿಲ್ಲ.

"ಎಷ್ಟು ದಿನದಿಂದ ಅಕ್ಕ?"

"ನೀನು ಬೀಳೋಕ್ಕೂ ಮುಂಚಿಂದ" ಎಂದಳು ಅಕ್ಕ ಕೊನೆಗೆ. ದನಿಯಲ್ಲಿ ಸಿಟ್ಟಿತ್ತು, ಸಿಟ್ಟಿನ ಕೆಳಗೆ ಬೇರೇನೋ ಇತ್ತು. "ಮಿಷನ್ ತುಳಿದೂ ತುಳಿದೂ ಆಗಿದ್ದು. ನಿನ್ನ ಗಲಾಟೆ ನಡುವೆ ನಂದೆಲ್ಲಿ ಹೇಳ್ಕೊಂಡು ಕೂರಲಿ? ಇದನ್ನ ಕೇಳೋಕೆ ನಿಂಗೆ ಡಾಕ್ಟರಮ್ಮ ಹೇಳ್ಕೊಡಬೇಕಾಯ್ತಾ?"

"ಹೂಂ ಅಕ್ಕ. ಬೇಕಾಯ್ತು." ಅವನು ತಟ್ಟೆ ಸರಿಸಿದ. ಹೊಂದಿಸಿಟ್ಟುಕೊಂಡ ಮಾತು ಒಂದೂ ಇರಲಿಲ್ಲ, ಬಂದದ್ದನ್ನು ಬಂದ ಹಾಗೆ ಹೇಳಿದ. "ನಾನು ಬದುಕಿರೋದು ನಿನ್ನಿಂದ. ಅಜ್ಜಿಯಿಂದ ಅಲ್ಲ, ಮಾತ್ರೆಯಿಂದ ಅಲ್ಲ. ನಿನ್ನನ್ನ ನೋಡ್ಕೊಳ್ತೀನಿ ಅಂತ ಬಂದು ಈ ಮನೇಲಿ ಕೂತೆ. ಇಷ್ಟು ವರ್ಷ ನೀನೇ ನನ್ನ ಸಾಕಿದೆ. ನಾನು ಒಂದು ದಿನಾನೂ ಹೇಳಲಿಲ್ಲ."

"ಹೇಳೋದೇನಿದೆ ಅದರಲ್ಲಿ" ಎಂದಳು ಅಕ್ಕ. ಆದರೆ ಕುರ್ಚಿಯ ಮೇಲೆ ಕೂತಳು. ಮೂಗು ಒರೆಸಿಕೊಂಡಳು.

ಕರಡಿಮಾಮ ಅವಳ ಮುಂದೆ ನೆಲದ ಮೇಲೆ ಕೂತು ಕೈ ಚಾಚಿದ. "ಎಲ್ಲಿ, ನೋಡೋಣ."

"ಏಳೋ ಮೇಲೆ! ನಾನೇನು ನಿನ್ನ ಕರಡಿನಾ?"

"ಕರಡಿ ಆಗಿದ್ದಿದ್ರೆ ಯಾವತ್ತೋ ನೋಡಿರ್ತಿದ್ದೆ ಅಕ್ಕ."

ಅಕ್ಕ ನಗುತ್ತಾಳೋ ಅಳುತ್ತಾಳೋ ಎಂದು ಚಿನಕುರಳಿಗೆ ತಿಳಿಯಲಿಲ್ಲ, ಎರಡೂ ಒಟ್ಟಿಗೇ ಬಂದಂತಿತ್ತು. ಅಕ್ಕ ಮೆಲ್ಲಗೆ ಬಲಗಾಲನ್ನು ಮುಂದೆ ಚಾಚಿ ತಮ್ಮನ ಅಂಗೈ ಮೇಲೆ ಇಟ್ಟಳು.

"ಇಲ್ಲಿ" ಎಂದಳು. "ಒಳಗಡೆ. ಜೋರಾಗಿ ಒತ್ತಬೇಡ, ನೋಯುತ್ತೆ."